ಶಿರಾ ಸೀಮೆಯ ಈಚಲ ಮರಗಳು

ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ತುಮಕೂರನ್ನು ದಾಟಿ ಸುಮಾರು 50 ಕಿಲೋಮೀಟರು ಉತ್ತರಕ್ಕೆ ಹೋದರೆ ಶಿರಾ ಪಟ್ಟಣವು ಸಿಗುತ್ತದೆ. ಚಿತ್ರದುರ್ಗಕ್ಕೋ ಹುಬ್ಬಳ್ಳಿಗೋ ಅವಸರದಿಂದ ಹೊರಟವರಿಗೆ ಅದು ಒಂದು ಲೋಟ ಕಾಫಿ ಕುಡಿದು ಕಾಲು ಸಡಲಿಸಿಕೊಳ್ಳುವ ಸ್ಥಳ, ಅಷ್ಟೆ. ಅವರಲ್ಲಿ ಇತಿಹಾಸದ ಹುಚ್ಚಿರುವವರು ಊರೊಳಗೆ ನಡೆದು ಮಲಿಕ್ ರೆಹಾನನ ಗೋರಿಯನ್ನೂ, ಕಲ್ಲಿನಲ್ಲಿ ಕಟ್ಟಿದ ಜಾಮಿಯಾ ಮಸೀದಿಯನ್ನೂ ನೋಡಿ ಬರುತ್ತಾರೆ. ರತ್ನಗಿರಿಯ ನಾಯಕರು ಕೋಟೆಗೆ ಕೈಹಾಕಿದ ಈ ಊರು ಬಿಜಾಪುರದವರ ವಶವಾಗಿ, 1687ರಲ್ಲಿ ಮೊಗಲರ ಪ್ರಾಂತದ ರಾಜಧಾನಿಯಾಗಿ, 1761ರಲ್ಲಿ ಹೈದರಾಲಿಯ ಕೈಸೇರಿತು. ಬೆಂಗಳೂರಿನ ಲಾಲ್‌ಬಾಗಿಗೆ ಇಲ್ಲಿಯ ಖಾನ್ ಬಾಗೇ ಪ್ರೇರಣೆಯೆಂಬ ಮಾತೂ ಉಂಟು. ನವಾಬರ ವೈಭವವೆಲ್ಲ ಮಣ್ಣುಗೂಡಿದ ಮೇಲೆ ಊರಿನ ಸುತ್ತ ಉಳಿದದ್ದು ಬಿಸಿಲು, ಕಡಲೆಕಾಯಿ ಹೊಲ, ಮಳೆಗಾಗಿ ಬಾಯಿ ತೆರೆದುಕೊಂಡ ಕೆರೆಗಳು, ಮತ್ತು ಆ ಕೆರೆಗಳ ಕೋಡಿಯ ಕೆಳಗೆ ಯಾರೂ ನೆಟ್ಟು ನೀರೆರೆಯದ ಈಚಲ ಮರಗಳು.

ಗೋರಿ ಮಸೀದಿಗಳ ಚಿತ್ರವನ್ನು ಕ್ಯಾಮೆರಾದಲ್ಲಿ ಹಿಡಿಯುವ ಪ್ರವಾಸಿಗನು ಈ ಮರಗಳ ಕಡೆಗೆ ತಿರುಗಿ ನೋಡುವುದು ಅಪರೂಪ. ಈಚಲು ಸುಂದರವಾದ ಮರವಲ್ಲ. ತೆಂಗಿನ ನಿಲುವಾಗಲಿ ಅಡಿಕೆಯ ಬಳುಕಾಗಲಿ ಅದಕ್ಕಿಲ್ಲ. ಗರಿಯ ಬುಡದಲ್ಲಿ ಸೂಜಿಯಂಥ ಮುಳ್ಳು, ಮೈಯೆಲ್ಲ ಒರಟು. ಆದರೆ ಹಳೆಯ ಮರವೊಂದರ ಹತ್ತಿರ ಹೋಗಿ ನಿಂತರೆ ಒಂದು ವಿಚಿತ್ರ ಕಾಣುತ್ತದೆ. ಕಾಂಡವು ನೆಟ್ಟಗೆ ಮೇಲೇರದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲುತ್ತ, ಯಾರೋ ಮೆಟ್ಟಿಲು ಕಡಿದಂತೆ ಮೇಲೆ ಹೋಗಿರುತ್ತದೆ. ಅದು ಪ್ರಕೃತಿಯ ಕೆಲಸವಲ್ಲ. ಒಂದು ವರ್ಷ ಒಂದು ಮಗ್ಗುಲಲ್ಲಿ, ಮರುವರ್ಷ ಎದುರು ಮಗ್ಗುಲಲ್ಲಿ ಮರದ ನೆತ್ತಿಯ ಕೆಳಗೆ ಗಾಯಮಾಡಿ ರಸವನ್ನು ಇಳಿಸಿದವರ ಗುರುತು ಅದು. ಗಾಯಗಳನ್ನು ಎಣಿಸಿದರೆ ಆ ಮರವು ಎಷ್ಟು ಚಳಿಗಾಲ ಮನುಷ್ಯನಿಗೆ ರಸ ಕೊಟ್ಟಿತೆಂಬ ಲೆಕ್ಕ ಸಿಗುತ್ತದೆ. ಕೆಳಗಿನ ಗಾಯಗಳು ಒಣಗಿ ಕಪ್ಪಾಗಿವೆ. ನೆತ್ತಿಯ ಬಳಿ ಮಾತ್ರ ಈಗ ಹೊಸ ಗಾಯವಿಲ್ಲ. ಇತ್ತೀಚಿನ ವರ್ಷಗಳಷ್ಟು ಉದ್ದದ ಕಾಂಡವು ನೆಟ್ಟಗೆ ಬೆಳೆದುಕೊಂಡುಬಿಟ್ಟಿದೆ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳ ಮರಳು ಹಳ್ಳಗಳ ದಂಡೆ, ಕೆರೆಯ ಹಿನ್ನೀರು, ಜಯಮಂಗಲಿಯ ಇಕ್ಕೆಲಗಳು ಈಚಲಿಗೆ ಒಗ್ಗುವ ನೆಲ. 1800ರಲ್ಲಿ ಮಧುಗಿರಿಯಿಂದ ಶಿರಾಕ್ಕೆ ಹಾದುಹೋದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸಗ್ರಂಥದಲ್ಲಿ ಕಾಡು ಈಚಲನ್ನು ಅದರ ಸಸ್ಯಶಾಸ್ತ್ರದ ಹೆಸರಿನಿಂದಲೇ ಮತ್ತೆ ಮತ್ತೆ ಪ್ರಸ್ತಾಪಿಸುತ್ತಾನೆ. ಮಧುಗಿರಿಯ ಹೆಸರಿನಲ್ಲಿರುವ ಮಧು ಜೇನೇ ಸರಿ. ಆದರೂ ಸುತ್ತಲ ಹಳ್ಳಿಗಳಿಗೆ ಸಿಹಿಯು ಬಂಡೆಯ ಜೇನಿಗಿಂತ ಹೆಚ್ಚಾಗಿ ಈಚಲ ನೆತ್ತಿಯಿಂದಲೇ ಇಳಿಯುತ್ತಿತ್ತೆಂದರೆ ತಪ್ಪಾಗದು.

ಹೆಂಡವೆಂದೊಡನೆ ಮೂಗು ಮುಚ್ಚಿಕೊಳ್ಳುವ ಓದುಗರಿಗೆ ಒಂದು ಮಾತು ನೆನಪಿಸಬಹುದು. ಕನ್ನಡ ಸಾಹಿತ್ಯವು ಈ ವಸ್ತುವಿನಿಂದ ಮೈಲಿಗೆಯಾದೀತೆಂದು ಎಂದೂ ಹೆದರಲಿಲ್ಲ. ಪಂಪನು ತನ್ನ ಭಾರತದಲ್ಲಿ ಪಾನಗೋಷ್ಠಿಯನ್ನು ರಸವತ್ತಾಗಿ ವರ್ಣಿಸಿದ್ದಾನೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದಾನೆ. ಕಾಯಕವನ್ನು ಹೆಸರಿನೊಂದಿಗೇ ಹೊತ್ತು ಆ ಸಭೆಯಲ್ಲಿ ಕುಳಿತವನು. ಇಪ್ಪತ್ತನೆಯ ಶತಮಾನದಲ್ಲಿ ಜಿ. ಪಿ. ರಾಜರತ್ನಂ ಅವರ ರತ್ನನು ಬಂದು ಸುಶಿಕ್ಷಿತರ ಮನೆಮನೆಗಳಲ್ಲಿಯೂ ಹಾಡಿಸಿಕೊಂಡನು. ಆದರೆ ಇವರೆಲ್ಲರ ಗಮನ ಕುಡಿಯುವವನ ಮೇಲೆ, ಮಾರುವವನ ಮೇಲೆ. ಮರ ಹತ್ತಿದವನ ವಿದ್ಯೆಯನ್ನು ಕುರಿತು ಬರೆದವರು ಕಡಿಮೆ.

ಆ ವಿದ್ಯೆಯು ಚಳಿಗಾಲದ ವಿದ್ಯೆ. ಮಳೆ ಹಿಂದೆ ಸರಿದು ಇಬ್ಬನಿ ಬೀಳಲಾರಂಭಿಸಿದಾಗ ಈಡಿಗರು ವನಕ್ಕೆ ಇಳಿಯುತ್ತಿದ್ದರು. ನಡುವಿಗೆ ಹಗ್ಗ ಬಿಗಿದು ಮರವೇರಿ, ಒಂದು ಮಗ್ಗುಲ ಗರಿಗಳನ್ನು ಸವರಿ, ಒಳಗಿನ ಮೆತ್ತನೆಯ ಬಿಳಿಯ ಭಾಗವನ್ನು ಬಯಲುಮಾಡಿ ಕೆಲವು ದಿನ ಹಾಗೆಯೇ ಬಿಡುವರು. ಅನಂತರ ಬಾಗಿದ ಹರಿತ ಚೂರಿಯಿಂದ ತೆಳ್ಳಗೆ ಹೆರೆದರೆ ರಸವು ಜಿನುಗಲು ಮೊದಲಾಗುತ್ತದೆ. ಆ ಗಾಯದ ತುದಿಗೆ ಸಣ್ಣ ಕೊಳವೆ ಸಿಕ್ಕಿಸಿ ಅದರ ಕೆಳಗೆ ಸಂಜೆಯ ಹೊತ್ತು ಗಡಿಗೆ ಕಟ್ಟುವರು. ಚೂರಿಯು ಒಂದು ಗೆರೆ ಹೆಚ್ಚು ಆಳಕ್ಕೆ ಹೋದರೆ ಮರದ ಸುಳಿಗೇ ಅಪಾಯ. ಕಡಿಮೆಯಾದರೆ ಗಡಿಗೆ ಬರಿದು. ಕೆಲವು ರಾತ್ರಿ ಸೋರಿಸಿ ಕೆಲವು ರಾತ್ರಿ ಮರಕ್ಕೆ ಬಿಡುವು ಕೊಡುವುದು ಪದ್ಧತಿ. ಹಾಲು ಕೊಡುವ ಹಸುವನ್ನು ನಡೆಸಿಕೊಳ್ಳುವಂತೆಯೇ ಇದೂ ಒಂದು ಸಾಕಾಣಿಕೆ.

ಬೆಳಗಿನ ಜಾವ ಇಳಿಸಿದ ಗಡಿಗೆಯಲ್ಲಿರುವುದು ಹೆಂಡವಲ್ಲ. ಅದು ತಿಳಿಯಾದ, ತಣ್ಣನೆಯ, ಅಚ್ಚ ಸಿಹಿಯ ನೀರು; ಅದಕ್ಕೆ ನೀರಾ ಎಂದೇ ಹೆಸರು. ನೂರು ಪಾಲು ರಸದಲ್ಲಿ ಸುಮಾರು 10ರಿಂದ 12 ಪಾಲು ಸಕ್ಕರೆಯಿರುತ್ತದೆ. ಅದನ್ನು ಕೂಡಲೇ ಒಲೆಯ ಮೇಲಿಟ್ಟು ಕಾಯಿಸಿದರೆ ಬೆಲ್ಲವಾಗುತ್ತದೆ. ಮಗುವಿಗೂ ಕುಡಿಸಬಹುದಾದ ಈ ಪಾನೀಯವು ಹೊತ್ತೇರಿದ ಹಾಗೆ ಬೇರೆಯೇ ವಸ್ತುವಾಗಿ ಮಾರ್ಪಡುತ್ತದೆ. ಗಾಳಿಯಿಂದಲೂ ಗಡಿಗೆಯ ಒಳಮೈಯಿಂದಲೂ ಬಂದ ಯೀಸ್ಟ್ ಮತ್ತಿತರ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಅನಿಲವನ್ನೂ ಹುಟ್ಟಿಸುತ್ತವೆ. ಕರಗಿದ ಸಕ್ಕರೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅನಿಲವಾಗಿಯೇ ಹೊರಡುತ್ತದೆಂದರೆ ಗಡಿಗೆಯೊಳಗಿನ ಸಂಭ್ರಮವನ್ನು ಊಹಿಸಿಕೊಳ್ಳಬಹುದು.

ಗಡಿಗೆಯೇ ಇಲ್ಲಿ ಅರ್ಧ ಗುಟ್ಟು. ಒಳಗೆ ಸುಣ್ಣ ಬಳಿದ ಗಡಿಗೆಯಲ್ಲಿ ರಸವು ಬಹಳ ಹೊತ್ತು ಸಿಹಿಯಾಗಿಯೇ ಉಳಿಯುತ್ತದೆ. ತೊಳೆಯದೆ ಬಿಟ್ಟ ಗಡಿಗೆಯಲ್ಲಿ ನಿನ್ನೆಯ ಗಷ್ಟೇ ಇಂದಿನ ಹೆಪ್ಪು. ಮಜ್ಜಿಗೆಯ ಹನಿಯಿಂದ ಹಾಲು ಮೊಸರಾಗುವುದನ್ನು ದಿನವೂ ನೋಡುವ ಗೃಹಿಣಿಗೆ ಇದರಲ್ಲಿ ಹೊಸದೇನೂ ತೋರದು.

ಹಾಗಾದರೆ ರಸವು ಹದಕ್ಕೆ ಬಂದಿತೆಂದು ತಿಳಿಯುವುದು ಹೇಗೆ? ಕೈಯಲ್ಲಿ ಗಡಿಯಾರವಿಲ್ಲ, ಮಾಪಕವಿಲ್ಲ. ಚಳಿಯ ದಿನ ನಿಧಾನ, ಮೋಡ ಕವಿದು ಸೆಕೆಯಾದ ದಿನ ಅವಸರ. ಆದ್ದರಿಂದ ಗಡಿಯಾರವಿದ್ದರೂ ಪ್ರಯೋಜನವಿರಲಿಲ್ಲ. ವನದ ಅಂಚಿನ ಚಪ್ಪರದಲ್ಲಿ ಮುದುಕನೂ ಮೊಮ್ಮಗನೂ ಕುಳಿತಿದ್ದಾರೆಂದು ಕಲ್ಪಿಸಿಕೊಳ್ಳಿ.

“ಆಯ್ತಾ ತಾತ?”

“ನನ್ನೇನು ಕೇಳೀಯ? ಕಿವಿ ಇಟ್ಟು ಅದನ್ನೇ ಕೇಳು.”

ಹುಡುಗನು ಗಡಿಗೆಯ ಕೊರಳಿಗೆ ಕಿವಿ ಕೊಡುತ್ತಾನೆ. ಒಳಗೆ ಒಣ ಎಲೆಯ ಮೇಲೆ ಸೋನೆ ಬಿದ್ದಂಥ ಸದ್ದು. ಮುದುಕನ ಲೆಕ್ಕದಲ್ಲಿ ಆ ಸದ್ದು ಬಿರುಸಾಗಿರುವಷ್ಟು ಹೊತ್ತೂ ಒಳಗೆ ಸಿಹಿಯುಂಟು. ಸದ್ದು ತಗ್ಗಿದರೆ ಸಿಹಿಯೂ ತಗ್ಗಿತು. ಎರಡನೆಯ ಸಾಕ್ಷಿ ನೊರೆಯದು. ಮೊದಲು ದೊಡ್ಡ ದೊಡ್ಡ ಗುಳ್ಳೆಗಳೆದ್ದು ಒಡೆಯುತ್ತವೆ. ಬರಬರುತ್ತ ನೊರೆಯು ಸಣ್ಣದಾಗಿ, ಒತ್ತಾಗಿ, ಕೊನೆಗೆ ಗಡಿಗೆಯ ಅಂಚಿಗೆ ಉಂಗುರದಂತೆ ಅಂಟಿಕೊಂಡು ನಡುವೆ ಬಯಲಾಗುತ್ತದೆ. ಮೂರನೆಯದು ಬಣ್ಣ, ತಿಳಿನೀರು ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ನಾಲ್ಕನೆಯದು ಗಡಿಗೆಯ ಸುತ್ತ ಸೇರುವ ನೆಂಟರು. ಮುಂಜಾನೆ ಜೇನುನೊಣ ಮುತ್ತಿದರೆ ಅದಿನ್ನೂ ನೀರಾ. ಕೊಳೆತ ಹಣ್ಣಿಗೆ ಮುತ್ತುವ ಸಣ್ಣ ನೊಣ ಬಂದು ಕೂತರೆ ಹುಳಿಯು ಹೊರಟಿತೆಂದು ಅರ್ಥ. ಇವೆಲ್ಲಕ್ಕೂ ಮೇಲಿನ ನ್ಯಾಯಾಧೀಶ ನಾಲಗೆ. ಸಿಹಿಯು ಇನ್ನೂ ಪೂರ್ತಿ ಹೋಗಿಲ್ಲ, ಹುಳಿಯು ಇನ್ನೂ ಪೂರ್ತಿ ಬಂದಿಲ್ಲ, ನಾಲಗೆಯ ತುದಿಗೆ ಜುಮ್ಮೆನ್ನುವ ಒಂದು ಚುಚ್ಚು—ಆ ಗಳಿಗೆಯೇ ಹದ. ಆಗ ಅದರಲ್ಲಿರುವ ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು, ಎಂದರೆ ಸಾಧಾರಣ ಬಿಯರಿನಷ್ಟು.

ಬಿಯರಿನ ಮಾತು ಬಂದದ್ದು ಒಳ್ಳೆಯದಾಯಿತು. ಶಿರಾದ ಗಡಿಗೆಯ ಸ್ವಭಾವವು ಆ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಡವೆಂದಾದಾಗ, ಅಮೆರಿಕದಲ್ಲಿ 1978ರ ಕಾನೂನು ಮನೆಯ ಬಿಯರಿಗೆ ಒಪ್ಪಿಗೆ ಕೊಟ್ಟಾಗ, ಸಾವಿರಾರು ಸಂಸಾರಸ್ಥರು ಅಡಿಗೆಮನೆಯ ಮೂಲೆಯಲ್ಲಿ ಅದನ್ನು ತಯಾರಿಸತೊಡಗಿದರು. ಅವರೆಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ಬಾಟಲಿಗೆ ತುಂಬುವುದು ಯಾವಾಗ? ಬೇಗ ತುಂಬಿ ಬಿರಡೆ ಬಿಗಿದರೆ ಉಳಿದ ಸಕ್ಕರೆಯು ಒಳಗೇ ಹುದುಗಿ, ಅನಿಲಕ್ಕೆ ದಾರಿಯಿಲ್ಲದೆ, ನಡುರಾತ್ರಿಯಲ್ಲಿ ಬಾಟಲಿಯು ಸಿಡಿದು ಗಾಜಿನ ಚೂರು ಗೋಡೆಗೆ ನಾಟುತ್ತದೆ. ಅದಕ್ಕಾಗಿ ಅವರು ಹೈಡ್ರಾಮೀಟರನ್ನು ನೆಚ್ಚುತ್ತಾರೆ. ಹಾಲಿಗೆ ನೀರು ಬೆರೆತದ್ದನ್ನು ಹಿಡಿದುಕೊಡುವ ಲ್ಯಾಕ್ಟೋಮೀಟರಿನ ಅಣ್ಣನಂಥ ಉಪಕರಣವದು. ಸಕ್ಕರೆ ತುಂಬಿದ ರಸದಲ್ಲಿ ಅದು 1.050ರ ಆಸುಪಾಸಿನಲ್ಲಿ ತೇಲಿದರೆ, ಸಕ್ಕರೆ ಕರಗಿದಂತೆ ಮುಳುಗುತ್ತ ಹೋಗಿ 1.010ರ ಹತ್ತಿರ ನಿಲ್ಲುತ್ತದೆ. ಮೇಲಿನ ನೊರೆ ಕುಸಿದು ಗುಳ್ಳೆ ನಿಂತಿತೆಂದ ಮಾತ್ರಕ್ಕೆ ಅನುಭವಸ್ಥರು ನಂಬುವುದಿಲ್ಲ, ಏಕೆಂದರೆ ಚಳಿ ಬಿದ್ದರೂ ಗುಳ್ಳೆ ನಿಂತೀತು. ಎರಡು ಮೂರು ದಿನ ಬಿಟ್ಟು ಬಿಟ್ಟು ನೋಡಿದಾಗಲೂ ಅಂಕಿ ಅಲುಗದೆ ನಿಂತರೆ ಮಾತ್ರ ಕೆಲಸ ಮುಗಿಯಿತೆಂದು ಲೆಕ್ಕ. ಆಮೇಲೆ ಬೇಕಾದಷ್ಟೇ ಬುರುಗಿಗಾಗಿ ಲೀಟರಿಗೆ ಐದಾರು ಗ್ರಾಂ ಸಕ್ಕರೆಯನ್ನು ಅಳೆದು ಹಾಕಿ ಬಿರಡೆ ಒತ್ತುತ್ತಾರೆ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ ಓದುಗರು ಇದನ್ನು ಪರದೇಶದ ಸಮಾಚಾರವೆಂದೇ ಓದಿಕೊಳ್ಳಬೇಕು.

ಬಿಯರಿಗೆ ಒಂದು ಮುಕ್ತಾಯವುಂಟು. ಕುದಿಸಿ ಶುದ್ಧಮಾಡಿದ ರಸಕ್ಕೆ ಆರಿಸಿದ ಯೀಸ್ಟನ್ನು ಬಿಟ್ಟು, ಬೇರೆ ಜೀವಿಗಳನ್ನು ಹೊರಗಿಟ್ಟರೆ, ತಿನ್ನುವುದು ಮುಗಿದೊಡನೆ ಯೀಸ್ಟು ತಳಕ್ಕಿಳಿದು ಮಲಗುತ್ತದೆ. 1876ರಲ್ಲಿ ಲೂಯಿ ಪಾಶ್ಚರನು ಬಿಯರನ್ನು ಕುರಿತು ಬರೆದ ಗ್ರಂಥದ ಸಾರಾಂಶಗಳಲ್ಲೊಂದು ಇದೇ: ಕೆಡಿಸುವ ಜೀವಿಗಳನ್ನು ದೂರವಿಟ್ಟರೆ ಪಾನೀಯವು ಕೆಡದು. ಈಚಲ ಹೆಂಡದಲ್ಲಾದರೋ ಬಾಗಿಲು ಎಲ್ಲರಿಗೂ ತೆರೆದಿದೆ. ಯೀಸ್ಟು ಊಟ ಮುಗಿಸುವ ಮೊದಲೇ ಹುಳಿಯ ಬ್ಯಾಕ್ಟೀರಿಯಾ ಎಲೆ ಹಾಕಿಕೊಂಡು ಕೂತಿರುತ್ತದೆ. ಒಂದು ಮದ್ಯಸಾರ ಮಾಡಿದರೆ ಇನ್ನೊಂದು ಅದನ್ನೇ ವಿನೆಗರಾಗಿಸುತ್ತದೆ. ಬೆಳಿಗ್ಗೆ ನೀರಾ, ಮಧ್ಯಾಹ್ನ ಎಳೆಯ ಹೆಂಡ, ಸಂಜೆಗೆ ಬಲಿತದ್ದು, ಮರುದಿನಕ್ಕೆ ಹುಳಿ, ಅದರಾಚೆಗೆ ಎಸೆಯುವ ವಸ್ತು. ಅಂಕಿ ಅಲುಗದೆ ನಿಲ್ಲುವ ದಿನವೇ ಅದರ ಬಾಳಿನಲ್ಲಿಲ್ಲ. ಬಿಯರು ಮಾಡುವವನು ಮುಗಿಯಿತೆಂಬುದನ್ನು ಕಾಯುತ್ತಾನೆ. ಈಡಿಗನು ಹಾದುಹೋಗುವ ಗಳಿಗೆಯೊಂದನ್ನು ಹಿಡಿಯಬೇಕು. ಅದಕ್ಕೆಂದೇ ಅವನು ಗಡಿಗೆಯ ಬಾಯಿಗೆ ಎಂದೂ ಬಿಗಿಯಾದ ಮುಚ್ಚಳ ಹಾಕುತ್ತಿರಲಿಲ್ಲ. ಮುಕ್ಕಾಲು ಭಾಗ ತುಂಬಿ, ಬಾಯಿಗೆ ಈಚಲ ಗರಿಯನ್ನೋ ಹುಲ್ಲನ್ನೋ ತುರುಕುವನು. ನೊಣ ಒಳಗೆ ಹೋಗಬಾರದು, ಉಸಿರು ಹೊರಗೆ ಬರಬೇಕು. ಮರದಿಂದ ಅಂಗಡಿಯವರೆಗಿನ ದೂರವು ಒಂದು ಹಗಲಿನೊಳಗೆ ಮುಗಿಯುವಷ್ಟೇ ಇರಬೇಕು.

ಈ ಕೊನೆಯ ಮಾತಿನಲ್ಲಿಯೇ ಮುಂದಿನ ಅನರ್ಥದ ಬೀಜವಿತ್ತು. ವನವು ಸರ್ಕಾರದ್ದು, ಮಾರುವ ಹಕ್ಕು ಹರಾಜಿನದು. ಹರಾಜು ಹಿಡಿದವರಿಗೆ ಹಳ್ಳಿಯ ಚಪ್ಪರದ ವ್ಯಾಪಾರ ಸಾಲದು. ದೂರದ ಪಟ್ಟಣಗಳಿಗೆ, ದಿನಗಟ್ಟಲೆ, ವರ್ಷದ ಹನ್ನೆರಡು ತಿಂಗಳೂ ಮಾಲು ಬೇಕು. ಚಳಿಗಾಲದ ಮರವು ಅಷ್ಟನ್ನು ಕೊಡಲಾರದು, ಕೊಟ್ಟದ್ದು ಮರುದಿನ ಉಳಿಯಲಾರದು. ಮರ ಕೊಡದಿದ್ದುದನ್ನು ನಲ್ಲಿ ಕೊಟ್ಟಿತು, ಸಿಹಿಯನ್ನು ಸ್ಯಾಕರಿನ್ ಕೊಟ್ಟಿತು, ಮತ್ತನ್ನು ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಔಷಧಿ ಕೊಟ್ಟಿತು. ಹೆಂಡದ ಹೆಸರಿನಲ್ಲಿ ಬಂದ ಈ ದ್ರವಕ್ಕೆ ಹದವೂ ಇಲ್ಲ, ಗಳಿಗೆಯೂ ಇಲ್ಲ. ಎಷ್ಟು ದಿನ ಇಟ್ಟರೂ ಅದೇ ರುಚಿ. ಅದರ ಚಟಕ್ಕೆ ಬಿದ್ದವನಿಗೆ ಒಂದು ದಿನ ಅದು ಸಿಕ್ಕದಿದ್ದರೂ ಕೈಕಾಲು ನಡುಗುತ್ತಿತ್ತು. ಗಡಿಗೆಗೆ ಕಿವಿಗೊಡುವವನಿಗೆ ಅಂಥ ಅಂಗಡಿಯಲ್ಲಿ ಕೆಲಸವೇನು?

ಅಸಲಿ ಹೆಂಡವೇನು ಅಮೃತವಾಗಿತ್ತೇ ಎಂದು ಕೇಳುವವರಿದ್ದಾರೆ. ಅವರ ಕೇಳಿಕೆ ನ್ಯಾಯವಾದದ್ದು. ಕೂಲಿಯ ದುಡ್ಡು ಸಂಜೆ ಅಂಗಡಿಯಲ್ಲಿ ಕರಗಿ, ಮನೆಯಲ್ಲಿ ಮುದ್ದೆಗೆ ಹಿಟ್ಟಿಲ್ಲದೆ ಮಕ್ಕಳೊಡನೆ ಕಾದು ಕುಳಿತ ಹೆಂಗಸಿಗೆ ಗಡಿಗೆಯ ಹದದ ಸೂಕ್ಷ್ಮವನ್ನು ವರ್ಣಿಸುವುದು ಕ್ರೌರ್ಯ. ಗಾಂಧೀಜಿಯ ಪಾನನಿರೋಧದ ಕರೆ ಈ ಸೀಮೆಯನ್ನು ತಟ್ಟಿದ್ದು ಅದಕ್ಕೇ. ಹೆದ್ದಾರಿಯಲ್ಲಿ ಶಿರಾದಿಂದ ಮುಂದೆ ಸಿಗುವ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ 1939ರಲ್ಲಿ ನಡೆದ ಸತ್ಯಾಗ್ರಹದಲ್ಲಿ ಜನರು ಕೊಡಲಿ ಹಿಡಿದು ಈಚಲ ಮರಗಳನ್ನೇ ಕಡಿದುರುಳಿಸಿದರು. ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಆ ಚಳವಳಿಯಲ್ಲಿ ಸೆರೆಮನೆ ಕಂಡರು. ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ವರಮಾನ ತರುತ್ತಿದ್ದ ಮರಕ್ಕೆ ಬಿದ್ದ ಏಟು ಸರ್ಕಾರಕ್ಕೇ ಬಿದ್ದಂತೆ. ಆ ಏಟಿನ ಉದ್ದೇಶದಲ್ಲಿ ತಪ್ಪು ಹುಡುಕಲಾಗದು. ಆದರೆ ಉರುಳಿದ ಮರವು ಯಾವುದೋ ಒಬ್ಬ ಮರ ಹತ್ತುವವನ ಆ ವರ್ಷದ ಅನ್ನವೂ ಆಗಿತ್ತೆಂಬುದನ್ನು ಮರೆಯಲಾಗದು.

ಈ ಶತಮಾನದ ಮೊದಲ ದಶಕದಲ್ಲಿ, ಕರಾವಳಿಯ ದಕ್ಷಿಣ ಕನ್ನಡ ಉಡುಪಿಗಳನ್ನು ಬಿಟ್ಟು, ರಾಜ್ಯದಲ್ಲಿ ಹೆಂಡದ ಮಾರಾಟ ನಿಂತಿತು. 2007ರಲ್ಲಿ ಸಾರಾಯಿಯೂ ನಿಂತಿತು. ಬೀಗಮುದ್ರೆಯ ಬಾಟಲಿಯ ಮದ್ಯ ನಿಲ್ಲಲಿಲ್ಲ. ಅದು ಇಂದಿಗೂ ಹೆದ್ದಾರಿಯುದ್ದಕ್ಕೂ ದೊರೆಯುತ್ತದೆ. ಕಲಬೆರಕೆ ಮಾಡಿದವರು ಬೇರೆ ವ್ಯಾಪಾರ ಹುಡುಕಿಕೊಂಡರು. ಮರ ಹತ್ತುವವರಲ್ಲಿ ಮುದುಕರಾದವರು ಮನೆಯಲ್ಲಿ ಕುಳಿತರು, ಕಿರಿಯರು ತುಮಕೂರಿಗೂ ಬೆಂಗಳೂರಿಗೂ ಕೂಲಿಗೆ ಹೊರಟರು. ಮೂರು ದಿಕ್ಕಿನಲ್ಲಿ ಆಂಧ್ರದ ನೆಲ ಸುತ್ತಿಕೊಂಡಿರುವ ಪಾವಗಡದಲ್ಲಿ ಮಾತ್ರ ಗಡಿಯಾಚೆಯ ‘ಕಲ್ಲು’ ಎಂಬ ಮಾತು ಕಿವಿಗೆ ಬೀಳುವುದುಂಟು. ಹಳಗನ್ನಡದ ‘ಕಳ್’ ಎಂಬುದರ ಸೋದರ ಶಬ್ದವದು. 

ಇತ್ತೀಚಿನ ವರ್ಷಗಳಲ್ಲಿ ನೀರಾ ಎಂಬ ಹೆಸರು ಮತ್ತೆ ಕೇಳಿಬರುತ್ತಿದೆ. ಆದರೆ ಅದು ತೆಂಗಿನದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಹೊಂಬಾಳೆಗೆ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿ, ರಸವು ಇಳಿಯುತ್ತಿರುವಾಗಲೇ ಅದನ್ನು ತಣ್ಣಗಿಟ್ಟು ಹುದುಗದಂತೆ ತಡೆಯುವ ವಿಧಾನವನ್ನು ರೂಪಿಸಿದ್ದಾರೆ. ಅದಕ್ಕೆ ಕಲ್ಪರಸವೆಂದು ಹೆಸರು. ಸುಣ್ಣದ ಗಡಿಗೆ ಮಾಡುತ್ತಿದ್ದ ಕೆಲಸವನ್ನೇ ಮಂಜುಗಡ್ಡೆ ಮತ್ತಷ್ಟು ಚೊಕ್ಕಟವಾಗಿ ಮಾಡುತ್ತದೆ. ಹಾಗೆ ಇಳಿಸಿದ ರಸವನ್ನು ಮನೆಮಂದಿಯೆಲ್ಲ ಕುಡಿಯಬಹುದು, ಬೆಲ್ಲ ಸಕ್ಕರೆಗಳನ್ನೂ ಮಾಡಬಹುದು. ತೆಂಗಿನ ತೋಟಗಳೇನೋ ತುಮಕೂರು ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಈಚಲಿಗೆ ಇಂಥ ಪೆಟ್ಟಿಗೆ ಕಟ್ಟುವವರು ಶಿರಾದ ಕೆರೆಯಂಗಳದಲ್ಲಿ ಕಾಣುವುದಿಲ್ಲ. ಮುಳ್ಳಿನ ನಡುವೆ ಹತ್ತಿ, ಸುಳಿ ಸಾಯದಂತೆ ಗೆರೆ ಹೆರೆಯುವ ಕೈ ಮೊದಲು ಬೇಕು. ಅಂಥ ಕೈಗಳ ವಯಸ್ಸು ಈಗ ಅರವತ್ತು ಎಪ್ಪತ್ತು.

ಮರಕ್ಕೆ ಬೇರೆ ಉಪಯೋಗಗಳು ತಪ್ಪಿಲ್ಲ. ಗರಿ ಕೊಯ್ದು ಚಾಪೆ ಹೆಣೆಯುತ್ತಾರೆ, ಪೊರಕೆ ಕಟ್ಟಿ ಸಂತೆಗೆ ತರುತ್ತಾರೆ. ಬೇಸಗೆ ಮುಗಿಯುವ ಹೊತ್ತಿಗೆ ಕಿತ್ತಳೆ ಹಳದಿಯ ಗೊಂಚಲುಗಳು ಜೋತುಬಿದ್ದು, ಶಾಲೆಗೆ ರಜೆಯಿರುವ ಮಕ್ಕಳು ಕಲ್ಲೆಸೆದು ಹಣ್ಣು ಉದುರಿಸಿಕೊಳ್ಳುತ್ತಾರೆ. ತಿರುಳು ಕಡಿಮೆ, ಬೀಜವೇ ಹೆಚ್ಚು, ಆದರೂ ತಿನ್ನುತ್ತಾರೆ. ಕೆಲವೆಡೆ ಹಳ್ಳದ ಮರಳು ತೆಗೆದವರ ಗುಂಡಿಗೆ ಬೇರು ಬಯಲಾಗಿ ಮರಗಳು ಒರಗಿ ನಿಂತಿವೆ.

ಶಿರಾದಲ್ಲಿ ಕಾಫಿ ಕುಡಿದು ಹೊರಡುವ ಮೊದಲು ಅರ್ಧ ಗಂಟೆ ಬಿಡುವಿದ್ದವರು ಗೋರಿಯನ್ನು ನೋಡಿದ ಮೇಲೆ ಕೆರೆಯ ಏರಿಯ ಕಡೆಗೂ ನಡೆದು ಬರಬಹುದು. ಕೋಡಿಯ ಕೆಳಗೆ, ದನ ಕಟ್ಟಿದ ಒಂದೆರಡು ಹಳೆಯ ಈಚಲ ಮರಗಳು ಸಿಕ್ಕರೆ ಬುಡದಿಂದ ಗಾಯಗಳನ್ನು ಎಣಿಸುತ್ತ ಹೋಗಲಿ: ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಕೊನೆಯ ಗಾಯದ ಗೂಡಿನಲ್ಲಿ ಮಳೆಯ ನೀರು ನಿಂತಿರುತ್ತದೆ. ಕೆಲವು ಮರಗಳಲ್ಲಿ ಅಲ್ಲಿಯೇ ಹಕ್ಕಿಯೊಂದು ತಂದುಹಾಕಿದ ಬೀಜದಿಂದ ಆಲದ ಸಸಿಯೊಂದು ಚಿಗುರಿಕೊಂಡಿರುತ್ತದೆ.